ಕುಕ್ಕರ್ ವಿಷಲ್‌ನ ಅಮ್ಮ

ಕಥೆ ಹೇಳಿ ಮಕ್ಕಳನ್ನು ದಾರಿಗೆ ತರಬಹುದು ಅಂತ ಪಂಥ ಕಟ್ಟಿ ಗೆದ್ದವನು ವಿಷ್ಣುಶರ್ಮ. ಅಮರಶಕ್ತಿ ಅನ್ನೋ ರಾಜನಿಗೆ ಮೂವರು ಗಂಡುಮಕ್ಕಳು, ಮೂವರೂ ದಡ್ಡಶಿಖಾಮಣಿಗಳು. ಆರು ತಿಂಗಳು ಕೊಡಿ, ಇವರಿಗೆ ನೀತಿ ಕಲಿಸ್ತೀನಿ ಅಂದ, ನರಿ ಸಿಂಹ ಮೊಸಳೆ ಎಲ್ಲವನ್ನೂ ಕರೆದು ಕಥೆ ಹೇಳಿದ, ಕಲಿಸಿಯೂ ಬಿಟ್ಟ. ಅದೇ ಪಂಚತಂತ್ರ. ದುರ್ಗಸಿಂಹ ಸುಮಾರು 1031ರಲ್ಲೇ ಅದನ್ನು ಕನ್ನಡಕ್ಕೆ ತಂದ, ಅಂದರೆ ಸಾವಿರ ವರ್ಷದಿಂದ ಈ ವಿದ್ಯೆ ನಮ್ಮ ಕೈಯಲ್ಲೇ ಇದೆ. ಆದರೆ ಅದರಲ್ಲಿ ಯಾವ ನರಿಯೂ ಚಪ್ಪಲಿಯನ್ನು ಸ್ಟ್ಯಾಂಡಿನಲ್ಲಿ ಇಡೋದಿಲ್ಲ. ಯಾವ ಕೋತಿಯೂ ಆಡಿದ ಮೇಲೆ ಆಟಿಕೆ ಎತ್ತಿಡೋದಿಲ್ಲ. ಯಾಕೆ ಹೇಳಿ? ರಾಜಕುಮಾರರ ಮನೆಯಲ್ಲಿ ಆಳುಕಾಳು ಇದ್ದರು. ರಾಜನೀತಿ ಕಲಿಸೋದು ಏನು ಮಹಾ. ಲೆಗೊ ಎತ್ತಿಡೋದು ಕಲಿಸು ಅಂದಿದ್ದರೆ ವಿಷ್ಣುಶರ್ಮ ಆರು ತಿಂಗಳ ಗಡುವು ಖಂಡಿತ ಒಪ್ಪಿಕೊಳ್ಳುತ್ತಿರಲಿಲ್ಲ.

ನಮ್ಮದು ಬೆಂಗಳೂರಿನ ಕತ್ರಿಗುಪ್ಪೆ ಕಡೆ ಒಂದು ಬಾಡಿಗೆ ಮನೆ. ಕೆಳಗೆ ಓನರ್ ಆಂಟಿ, ಮೇಲೆ ನಾವು. ಎರಡು ರೂಮು, ಒಂದು ಹಾಲ್. ಈ ಹಾಲ್ ಬೆಳಿಗ್ಗೆ ನಮ್ಮೆಜಮಾನರ ಆಫೀಸು, ಮಧ್ಯಾಹ್ನ ಬಟ್ಟೆ ಮಡಚೋ ಜಾಗ, ಸಂಜೆ ಮಕ್ಕಳ ಮೈದಾನ, ಊರಿಂದ ಯಾರಾದರೂ ಬಂದರೆ ರಾತ್ರಿ ಅವರಿಗೆ ಹಾಸಿಗೆ ಹಾಸೋದೂ ಅಲ್ಲೇ. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರೂವರೆ. ಇಬ್ಬರೂ ಸೇರಿ ಹರಡೋಕೆ ಕೂತರೆ ಎಂಟು ಗಂಟೆ ಹೊತ್ತಿಗೆ ಹಾಲ್‌ನಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಎತ್ತಿಡಿ ಅಂದ ತಕ್ಷಣ ಇಬ್ಬರಿಗೂ ಒಟ್ಟಿಗೇ ಕಾಲು ನೋವು, ಹೊಟ್ಟೆ ನೋವು, ಬಾಯಾರಿಕೆ, ಸೂಸು. ಬೈದರೆ ಅಳು. ಬೈಯದೆ ನಾನೇ ಎತ್ತಿಟ್ಟರೆ ಸೊಂಟ ನೋವು, ಅದು ನನಗೆ.

ಬೈಬೇಡಿ, ಹೊಡೀಬೇಡಿ, ಮಲಗುವಾಗ ಕಥೆ ಹೇಳಿ, ಕಥೆಯೊಳಗೆ ಬುದ್ಧಿಮಾತು ಸೇರಿಸಿಬಿಡಿ ಅನ್ನೋದು ಈಗಿನ ಅಪ್ಪ ಅಮ್ಮಂದಿರ ವೇದವಾಕ್ಯ. ಬಾಳೆಹಣ್ಣಿನೊಳಗೆ ಮಾತ್ರೆ ಇಟ್ಟು ಕೊಟ್ಟ ಹಾಗೆ. ನಮ್ಮ ಮಕ್ಕಳು ಬಾಳೆಹಣ್ಣು ತಿಂದು ಮಾತ್ರೆ ಉಗಿಯೋ ಪೈಕಿ, ಆ ಮಾತು ಬೇರೆ.

ನಾನು ಕಟ್ಟಿದ ಕಥೆ ಇಷ್ಟೇ. ಒಂದಾನೊಂದು ಕಾಲದಲ್ಲಿ ಒಂದು ಬುಗುರಿ. ಹುಟ್ಟಿದೂರು ಚನ್ನಪಟ್ಟಣ. (ಇದು ನಿಜವೇ. ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಹೋದರೆ ಸಿಗುತ್ತೆ, ಊರಿಗೆ ಹೋಗಿ ಬರುವಾಗ ತಂದಿದ್ದು. ಹಾಲೆ ಮರದ್ದು, ಅರಗಿನ ಬಣ್ಣ, ಮೈಮೇಲೆ ಕೆಂಪು ಹಳದಿ ಪಟ್ಟೆ, ಮೂತಿ ಮಾತ್ರ ಹಸಿರು.) ಆ ಬುಗುರಿ ಸಂಜೆ ತನಕ ಆಡಿ ಆಡಿ ಸುಸ್ತಾಗಿ ಸೋಫಾ ಕೆಳಗೆ ಉರುಳಿಕೊಂಡು ಹೋಯಿತು. ಕತ್ತಲಾಯಿತು. ಯಾರೂ ಅದನ್ನು ಮನೆಗೆ ಸೇರಿಸಲಿಲ್ಲ. ಅಲ್ಲಿ ಬಿಸ್ಕೆಟ್ ಡಬ್ಬದಲ್ಲಿ ಅದರ ಅಮ್ಮ ತಟ್ಟೆ ಹಾಕಿಕೊಂಡು ಬಾಗಿಲು ನೋಡ್ತಾ ಕೂತಿದ್ದಾಳೆ, "ನನ್ನ ಕಂದ ಇನ್ನೂ ಬರಲಿಲ್ಲವಲ್ಲಾ..."

ಆ 'ಲ್ಲಾ'ದ ಹತ್ತಿರ ರಾಗ ಸ್ವಲ್ಪ ಜಾಸ್ತಿ ಆಯಿತು ಅಂತ ಕಾಣುತ್ತೆ. ಚಿಕ್ಕವನ ಕೆಳತುಟಿ ಮುಂದಕ್ಕೆ ಬಂತು.

"ಅಮ್ಮಾ, ನಮ್ ಬುಗುರಿ ಎಲ್ಲಿದೆ?"

"ಬೆಳಿಗ್ಗೆ ಹುಡುಕೋಣ. ಈಗ ಮಲಕ್ಕೋ ಚಿನ್ನ."

"ಅದರಮ್ಮ ಅಳ್ತಾಳೆ!"

ರಾತ್ರಿ ಹತ್ತೂವರೆಗೆ ಹಾಲ್‌ನ ಲೈಟ್ ಹಾಕಿ ಸೋಫಾ ಸರಿಸಿದೆವು. ಬುಗುರಿ ಸಿಕ್ಕಿತು. ಜೊತೆಗೆ ಟಿವಿ ರಿಮೋಟಿನ ಹಿಂದಿನ ಮುಚ್ಚಳ, ಗೋಕುಲಾಷ್ಟಮಿ ಕಾಲದ ಚಕ್ಕುಲಿ ಚೂರು, ಒಂಟಿ ಸಾಕ್ಸ್. ಸರಿ, ಮುಗೀತಲ್ಲ ಅಂದುಕೊಂಡರೆ, ಬುಗುರಿಗೆ ಅಮ್ಮ ಇದ್ದರೆ ಕಾರಿಗೂ ಇರಬೇಕಲ್ವಾ? ಆನೆಗೆ? ಲೆಗೊಗೆ? ಒಂದೊಂದೇ ಲೆಗೊ ತುಂಡು ಕೈಗೆತ್ತಿಕೊಂಡು, "ಹೋಗು, ಅಮ್ಮ ಕಾಯ್ತಿದಾಳೆ" ಅಂತ ಅದಕ್ಕೊಂದು ಮುತ್ತು ಕೊಟ್ಟು, ಸ್ಟೀಲ್ ಡಬ್ಬಕ್ಕೆ ಹಾಕೋದು. ಟಣ್. ಮತ್ತೊಂದು. ಟಣ್. ಆಟಿಕೆಗೆ ಸ್ಟೀಲ್ ಡಬ್ಬ ಯಾಕೆ ಅಂತ ಕೇಳಬೇಡಿ, ಮದುವೆಗೆ ಬಂದ ಅಕ್ಕಿ ಡಬ್ಬ ಅದು, ಈಗ ನಾವು ಅಷ್ಟು ಅಕ್ಕಿ ತಿನ್ನೋದಿಲ್ಲ. ಬೆಳಿಗ್ಗೆ ಹಾಲು ತರೋಕೆ ಇಳಿದಾಗ ಓನರ್ ಆಂಟಿ ರಂಗೋಲಿ ಬಿಡ್ತಾ ತಲೆ ಎತ್ತದೆಯೇ ಕೇಳಿದರು, "ಏನಮ್ಮಾ, ರಾತ್ರಿ ಮನೆ ಖಾಲಿ ಮಾಡ್ತಿದ್ರಾ?" ಅವರ ಧ್ವನಿಯಲ್ಲಿ ಸ್ವಲ್ಪ ಆಸೆ ಇತ್ತು ಅನ್ನೋದು ನಮ್ಮೆಜಮಾನರ ಅನುಮಾನ. ಹೊಸ ಬಾಡಿಗೆಯವರು ಬಂದರೆ ಅಡ್ವಾನ್ಸ್ ಜಾಸ್ತಿ ಕೇಳಬಹುದಲ್ಲ.

ಏನೇ ಹೇಳಿ, ಹಾಲ್ ಕ್ಲೀನ್ ಆಗಿತ್ತು. ಅದಕ್ಕೇ ಬುಗುರಿ ಕಥೆ ಮುಂದುವರಿಯಿತು. ತೊಂದರೆ ಏನಾಯಿತು ಅಂದರೆ, ಚಿಕ್ಕವನು ಇಡೀ ಮನೆಯ ಜವಾಬ್ದಾರಿ ತಾನೇ ಹೊತ್ತುಕೊಂಡ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅದರದರ ಅಮ್ಮನ ಹತ್ತಿರ ಸೇರಿಸೋದು. ಯಾರಿಗೆ ಯಾರು ಅಮ್ಮ ಅನ್ನೋದನ್ನ ತೀರ್ಮಾನ ಮಾಡೋನೂ ಅವನೇ.

ಸೋಮವಾರ ಬೆಳಿಗ್ಗೆ. ಏಳೂ ನಲವತ್ತಕ್ಕೆ ಸ್ಕೂಲ್ ವ್ಯಾನ್ ಬೀದಿ ತುದಿಗೆ ಬಂದು ಹಾರ್ನ್ ಹೊಡೆಯುತ್ತೆ, ನಿಂತರೆ ಒಂದೇ ನಿಮಿಷ. ಕುಕ್ಕರಿಗೆ ಅನ್ನಕ್ಕಿಟ್ಟು, ಮುಚ್ಚಳ ಹಾಕಿ, ಆವಿ ಬುಸುಗುಡೋಕೆ ಶುರುವಾದ ಮೇಲೆ ವಿಷಲ್‌ಗೆ ಕೈ ಚಾಚಿದರೆ ವಿಷಲ್ ಇಲ್ಲ. ಸಿಂಕ್ ನೋಡಿದೆ, ಪಾತ್ರೆ ಬುಟ್ಟಿ ಬೋರಲು ಹಾಕಿದೆ, ಸ್ಟವ್ ಎತ್ತಿ ನೋಡಿದೆ, ಹಸಿ ಕಸದ ಡಬ್ಬಕ್ಕೂ ಕೈ ಹಾಕಿದೆ. ಕೆಲಸದ ಅಕ್ಕನಿಗೆ ಫೋನ್ ಮಾಡಿದರೆ, "ನಾನು ತೊಳ್ದು ಬೋರಲು ಹಾಕಿದ್ದೆ ಕಣಕ್ಕ, ನನ್ನ ಮೇಲೆ ಹಾಕ್ಬೇಡಿ" ಅಂತ ಅವರಿಗೆ ಬೇಜಾರು. ಅನ್ನ ಹೋಗಲಿ, ದೋಸೆಗೆ ಚಟ್ನಿಯಾದರೂ ಮಾಡೋಣ ಅಂತ ಮಿಕ್ಸಿ ತೆಗೆದರೆ ಜಾರ್ ಮುಚ್ಚಳದ ರಬ್ಬರ್ ಇಲ್ಲ. ಅದು ಇಲ್ಲದೆ ತಿರುಗಿಸಿದರೆ ಚಟ್ನಿ ಗೋಡೆಗೆ. ನಮ್ಮೆಜಮಾನರು ಹೆಡ್‌ಫೋನ್ ಅರ್ಧ ತೆಗೆದು, "ವಿಷಲ್ ಬದಲು ಸ್ಪೂನ್ ಇಟ್ರೆ ಆಗಲ್ವಾ?" ಅಂದರು. ಇಂಜಿನಿಯರಿಂಗ್ ಓದಿದವರು.

ಆಮೇಲೆ ಸಿಕ್ಕಿತು ಅನ್ನಿ. ಮಿಕ್ಸಿಯ ರಬ್ಬರ್ ದೊಡ್ಡವಳ ಹೇರ್‌ಬ್ಯಾಂಡ್ ಡಬ್ಬದಲ್ಲಿ, ಬಣ್ಣಬಣ್ಣದ ಬ್ಯಾಂಡುಗಳ ಮಧ್ಯೆ, ಸಂಸಾರಸ್ಥರ ಹಾಗೆ ಕೂತಿತ್ತು. ಕುಕ್ಕರ್ ವಿಷಲ್ ಬಿಸ್ಕೆಟ್ ಡಬ್ಬದಲ್ಲಿ ಬುಗುರಿ ಪಕ್ಕ. ಮೈಮೇಲೆ ಒಂದು ಕರ್ಚೀಫು ಹೊದಿಸಿತ್ತು.

"ಯಾಕಪ್ಪಾ ಇಲ್ಲಿಟ್ಟೆ?"

"ಅದು ಬುಗುರಿ ಪಾಪು. ಅಡುಗೆಮನೇಲಿ ಕಳೆದುಹೋಗಿತ್ತು. ದಿನಾ ಕಿರುಚ್ಕೊಳ್ತಿತ್ತು, ಅಮ್ಮ ಬೇಕು ಅಂತ."

ಹೌದಲ್ವಾ. ಮೇಲೆ ದುಂಡಗೆ, ಕೆಳಗೆ ಸಣ್ಣಗೆ, ದಿನಾ ಬೆಳಿಗ್ಗೆ ಮೂರು ಸಲ ಕಿರುಚುತ್ತೆ. ಇವನ ಲೆಕ್ಕ ತಪ್ಪು ಅಂತ ಹೇಳೋದು ಹೇಗೆ? ನಿರ್ಜೀವ ವಸ್ತುವಿಗೂ ಜೀವ ಇದೆ, ಮನಸ್ಸಿದೆ ಅಂತ ಪುಟ್ಟ ಮಕ್ಕಳು ನಂಬೋದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ಬರೆದಿಟ್ಟಿದ್ದಾರೆ. ನಾವು ನಡೆದರೆ ಚಂದ್ರನೂ ಜೊತೆಗೆ ಬರ್ತಾನೆ ಅನ್ನೋ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದವರು ಅವರು. ಈ ವಯಸ್ಸಿನವರು ಸಾಮಾನು ವಿಂಗಡಿಸುವಾಗ ಮೊದಲು ನೋಡೋದು ಆಕಾರ, ಬಣ್ಣ. ಅದು ಯಾವ ಕೆಲಸಕ್ಕೆ ಬರುತ್ತೆ ಅನ್ನೋದು ಆಮೇಲಿನ ಮಾತು. ಪಿಯಾಜೆಗೂ ಮೂವರು ಮಕ್ಕಳಿದ್ದರಂತೆ, ಅವರನ್ನೂ ಕೂತು ಗಮನಿಸುತ್ತಿದ್ದರಂತೆ. ಅವರ ಮನೆಯಲ್ಲಿ ಏಳೂ ನಲವತ್ತರ ವ್ಯಾನ್ ಇರಲಿಲ್ಲ ಅಂತ ಕಾಣುತ್ತೆ.

ಅವತ್ತು ಎಲ್ಲರ ಡಬ್ಬಕ್ಕೂ ಬ್ರೆಡ್ ಜಾಮ್.

ಇಷ್ಟು ಹೊತ್ತಿಗೆ ತಿಪಟೂರಿನಿಂದ ನಮ್ಮತ್ತೆ ಬಂದರು. "ಬುಗುರಿಗೆಲ್ಲ ಅಮ್ಮ ಅಂತೆ, ಇದೂ ಒಂದು ಕಥೆನೇನಮ್ಮಾ? ನಾನ್ ಹೇಳ್ತೀನಿ ಬನ್ರೋ" ಅಂತ ಮಕ್ಕಳನ್ನು ಅಕ್ಕಪಕ್ಕ ಮಲಗಿಸಿಕೊಂಡು ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದರು. ನಿಮಗೆ ಗೊತ್ತೇ ಇರುತ್ತೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲು ಮನೆ. ಮಳೆ ಬಂತು, ಸಗಣಿ ಮನೆ ಕೊಚ್ಚಿಕೊಂಡು ಹೋಯಿತು. ಕಾಗಕ್ಕ ನೆನೆದುಕೊಂಡು ಬಂದು ಬಾಗಿಲು ತಟ್ಟಿದರೆ ಗುಬ್ಬಕ್ಕ ಒಳಗಿಂದಲೇ, ತಡಿಯಕ್ಕ, ಮಗೂಗೆ ನೀರು ಹಾಕ್ತಿದೀನಿ. ತಡಿಯಕ್ಕ, ಕಾಡಿಗೆ ಹಚ್ತಿದೀನಿ. ತಡಿಯಕ್ಕ, ತೊಟ್ಟಿಲು ತೂಗ್ತಿದೀನಿ. ಮನೆ ಅಚ್ಚುಕಟ್ಟಾಗಿ ಇಟ್ಕೊಂಡೋರಿಗೆ ಕಷ್ಟ ಬರಲ್ಲ, ಇಲ್ದೇ ಇದ್ರೆ ಕಾಗಕ್ಕನ ಗತಿ, ಇದು ಅತ್ತೆಯವರ ತಾತ್ಪರ್ಯ. ಬೆಂಗಳೂರಲ್ಲಿ ಅದೂ ಗ್ಯಾರಂಟಿ ಇಲ್ಲ ಬಿಡಿ. ರಾಜಕಾಲುವೆ ಪಕ್ಕದಲ್ಲಿದ್ದರೆ ಕಲ್ಲು ಮನೆ ಗುಬ್ಬಕ್ಕನೂ ಫ್ರಿಜ್ ಹೊತ್ತುಕೊಂಡು ಮಹಡಿ ಹತ್ತಬೇಕು.

ಮಾರನೇ ದಿನ ಸಂಜೆ ದೊಡ್ಡವಳಿಗೆ, "ಪುಟ್ಟಿ, ಎತ್ತಿಡಮ್ಮಾ, ಹೊತ್ತಾಯ್ತು" ಅಂದೆ.

"ತಡಿಯಕ್ಕ, ಗೊಂಬೆಗೆ ನೀರು ಹಾಕ್ತಿದೀನಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದೆ.

"ತಡಿಯಕ್ಕ, ಕಾಡಿಗೆ ಹಚ್ತಿದೀನಿ."

ಊಟಕ್ಕೆ ಕರೆದಾಗ ತೊಟ್ಟಿಲು ತೂಗ್ತಾ ಇದ್ದಳು. ಹೆತ್ತ ಮಗಳ ಬಾಯಲ್ಲಿ ಅಕ್ಕ ಅನಿಸಿಕೊಂಡು, ನಮ್ಮದೇ ಮನೆಯ ರೂಮಿನ ಬಾಗಿಲಲ್ಲಿ ಕಾಗೆಯ ಹಾಗೆ ನಿಂತಿದ್ದೆ. ಅತ್ತೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗ್ತಾ ಇದ್ದರು. ಇಡೀ ಕಥೆಯಲ್ಲಿ ಮಗುವಿಗೆ ಉಪಯೋಗಕ್ಕೆ ಬಂದಿದ್ದು ಕೆಲಸ ಮುಂದೂಡೋ ಕಲೆ ಮಾತ್ರ.

ಆಮೇಲೆ ನಮ್ಮೆಜಮಾನರ ಸರದಿ. ಗಂಡಸರ ಕಥೆಯಲ್ಲಿ ಗಾಡಿ ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗೋದಿಲ್ಲ. ಹಳದಿ ಜೆಸಿಬಿ ಒಂದು ಊರಿಗೆ ಬರುತ್ತೆ, ಊರ ತುಂಬ ಬಿದ್ದಿರೋ ಸಾಮಾನನ್ನೆಲ್ಲ ಬಾಚಿ ಬಾಚಿ ಲಾರಿಗೆ ತುಂಬುತ್ತೆ, ಊರು ಫಳಫಳ. ಮೊದಲ ದಿನ ಭರ್ಜರಿ ಕೆಲಸ ಮಾಡಿತು, ಆಟಿಕೆ ಜೆಸಿಬಿಯ ಬಕೆಟ್ಟಿನಲ್ಲೇ ಎತ್ತಿ ಬುಟ್ಟಿಗೆ ಹಾಕಿದರು. ನೋಡಿದ್ಯಾ, ಅನ್ನೋ ಹಾಗೆ ಇವರು ನನ್ನ ಕಡೆ ಹುಬ್ಬು ಹಾರಿಸಿದರು. ನಾನು ಬಟ್ಟೆ ಒಣಹಾಕಿ ಬರೋ ಹೊತ್ತಿಗೆ ಬುಟ್ಟಿ ಬೋರಲು. ಏನ್ರೋ ಇದು ಅಂದರೆ, "ನೀರಿನ ಪೈಪಿನವರು ಬಂದಿದ್ರು, ಅಗೆದು ಹೋದ್ರು" ಅಂದ ಚಿಕ್ಕವನು. ಮತ್ತೆ ತುಂಬಿದರು. ಮತ್ತೆ ಬೋರಲು. "ಈಗ ಕೇಬಲ್‌ನವರು." ನಮ್ಮ ರಸ್ತೆಗೆ ಟಾರ್ ಹಾಕಿದ ಮೇಲೆ ಏನೇನಾಯಿತು ಅನ್ನೋದನ್ನು ಬಾಲ್ಕನಿಯಲ್ಲಿ ನಿಂತು ನೋಡಿ ಬೆಳೆದ ಮಗು, ಊರು ಫಳಫಳ ಅಂದರೆ ನಂಬೋದು ಹೇಗೆ.

ಕಸ ವಿಂಗಡಣೆಯ ಕಥೆಯನ್ನೂ ಹೇಳಿ ನೋಡಿದೆ. 2015ರಲ್ಲಿ ಹೈಕೋರ್ಟ್ ಹೇಳಿದ ಮೇಲೆ ಊರಿಗೆಲ್ಲ ಬಂತಲ್ಲ, ಎರಡು ಡಬ್ಬ ಒಂದು ಚೀಲ, ಹಸಿಗೆ ಹಸಿರು ಡಬ್ಬ, ಡೈಪರ್ ಥರ ಬಿಸಾಕೋದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಅದನ್ನೇ ಮೂವರು ಅಣ್ಣತಮ್ಮಂದಿರ ಕಥೆ ಮಾಡಿದೆ. ಕರೆಂಟ್ ಬಿಲ್ಲು, ಅತ್ತೆಯ ಬಿಪಿ ಮಾತ್ರೆ ಚೀಟಿ, ದೊಡ್ಡವಳ ಹೋಂವರ್ಕ್ ಪುಸ್ತಕ, ಎಲ್ಲ ಒಣ ಕಸದ ಚೀಲ ಸೇರಿದವು. ಹೋಂವರ್ಕ್ ಪುಸ್ತಕ ಹಾಕಿದ್ದು ಚಿಕ್ಕವನಲ್ಲ ಅಂತ ನನಗೆ ಈಗಲೂ ಗುಮಾನಿ. ಆ ಕಥೆ ಅಲ್ಲಿಗೇ ನಿಲ್ಲಿಸಿದೆ.

ನಮ್ಮ ಕಡೆಯ ಒಂದು ಜನಪದ ಕಥೆ ಇದೆ, ಎ.ಕೆ. ರಾಮಾನುಜನ್ ಅವರ ಸಂಗ್ರಹದಲ್ಲೂ ಇದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಅವಕ್ಕೆ ಉಸಿರು ಕಟ್ಟಿ, ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಆಚೆ ಬಿದ್ದವು. ಕಥೆ ಜೋಡು ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತುಹಾಕಿಕೊಂಡಿತು. ಗಂಡ ಬಂದವನು ಇದು ಯಾರದ್ದು ಅಂತ ಜಗಳ ತೆಗೆದ. ರಾತ್ರಿ ಹನುಮಂತನ ಗುಡಿಯಲ್ಲಿ ಊರಿನ ದೀಪಗಳೆಲ್ಲ ಸೇರಿ ಮಾತಾಡಿಕೊಳ್ಳುವಾಗ ಅವನಿಗೆ ವಿಷಯ ತಿಳಿಯಿತು. ಎಷ್ಟು ಚೆಂದದ ಕಥೆ, ನನಗೆ ತುಂಬ ಇಷ್ಟ, ಸುಮ್ನೆ ನನ್ನ ಖುಷಿಗೆ ಅಂತ ಒಂದು ರಾತ್ರಿ ಹೇಳಿದೆ. ನೀತಿ ಗೀತಿ ಏನೂ ಇಟ್ಟಿರಲಿಲ್ಲ. ದೊಡ್ಡವಳು ಪೂರ್ತಿ ಕೇಳಿಸಿಕೊಂಡು ಕೇಳಿದಳು, "ಮತ್ತೆ ಆ ಚಪ್ಪಲಿ ಯಾರು ಎತ್ತಿಟ್ರು?"

ಅವಳು ಕೇಳಿದ ಮೇಲೆ ನನಗೂ ಹೊಳೆಯಿತು. ಕಥೆ ಅಂದರೆ ಸಾಮಾನು ಹರಡೋ ಜಾತಿಯದ್ದು. ಎತ್ತಿಡೋ ಗುಣ ಅದಕ್ಕೆ ಮೊದಲಿಂದಲೂ ಇಲ್ಲ.

ದಸರಾ ಬಂತು. ಅತ್ತೆ ಊರಿಂದ ಟ್ರಂಕ್ ತರಿಸಿ ಗೊಂಬೆ ಕೂರಿಸಿದರು. ಮಧ್ಯದಲ್ಲಿ ಅವರ ಮದುವೆಗೆ ತವರಿನವರು ಕೊಟ್ಟ ಪಟ್ಟದ ಗೊಂಬೆ, ಮರದ ರಾಜ ರಾಣಿ. ರಾಣಿಯ ಮೂಗು ಸ್ವಲ್ಪ ಸವೆದಿದೆ. ಆ ಗೊಂಬೆಗಳನ್ನು ಮಕ್ಕಳು ಮುಟ್ಟಲಿಲ್ಲ, ಅದೇ ಒಂದು ಪವಾಡ. ವಿಜಯದಶಮಿ ರಾತ್ರಿ ಆರತಿ ಆದ ಮೇಲೆ ಅತ್ತೆ ರಾಜ ರಾಣಿಯನ್ನು ಮೆಲ್ಲಗೆ ಮಲಗಿಸಿದರು. ಮಾರನೇ ದಿನ ಒಂದೊಂದನ್ನೇ ಒರೆಸಿ, ಹಳೇ ಪಂಚೆ ಹರಿದ ಬಟ್ಟೆಯಲ್ಲಿ ಸುತ್ತಿ, ಮೇಲೆ ಪೇಪರ್ ಸುತ್ತಿ, ಭಾರದ್ದು ಕೆಳಗೆ ಹಗುರದ್ದು ಮೇಲೆ ಬರೋ ಹಾಗೆ ಟ್ರಂಕಿನಲ್ಲಿ ಜೋಡಿಸಿದರು. ಕಥೆ ಇಲ್ಲ, ಮಾತೂ ಇಲ್ಲ. ಮಕ್ಕಳಿಬ್ಬರೂ ಪಕ್ಕದಲ್ಲಿ ಕೂತು, ಕೇಳಿದಾಗ ಕೇಳಿದ ಬಟ್ಟೆ ಕೊಡ್ತಾ ಇದ್ದರು. ನಾನೂ ಬಾಗಿಲಿಗೆ ಒರಗಿ ನೋಡ್ತಾ, ಇದಲ್ವಾ ಕಲಿಸೋ ರೀತಿ ಅಂದುಕೊಂಡೆ.

ಸಂಜೆ ನನ್ನ ದುಪಟ್ಟಾಗಳು ಕಾಣಲಿಲ್ಲ. ಹಾಲ್‌ಗೆ ಬಂದು ನೋಡಿದರೆ, ಸೋಫಾದಿಂದ ದೇವರ ಮನೆ ತನಕ ಆಟಿಕೆಗಳ ಸಾಲು. ಪ್ರತಿ ಕಾರಿಗೂ, ಪ್ರತಿ ಆನೆಗೂ ಬಟ್ಟೆ ಸುತ್ತಿ ಅಂಗಾತ ಮಲಗಿಸಿದ್ದರು. ಕಾರನ್ನು ಅಂಗಾತ ಮಲಗಿಸಿದರೆ ನಾಲ್ಕೂ ಚಕ್ರ ಮೇಲಕ್ಕೆ. ಎತ್ತೋಕೆ ಹೋದರೆ ಇಬ್ಬರೂ ಬಾಯಿ ಮೇಲೆ ಬೆರಳಿಟ್ಟು, "ಶ್! ಮಲಗಿದಾವೆ. ಮುಟ್ಟಬಾರದು, ಮುಂದಿನ ದಸರಾಗೇ ಎಬ್ಬಿಸೋದು." ಈಗ ಹರಡಿದ್ದಕ್ಕೂ ಶಾಸ್ತ್ರದ ಬೆಂಬಲ ಸಿಕ್ಕಿತ್ತು. ಅತ್ತೆ, "ಮಲಗಿರೋದನ್ನ ಎಬ್ಬಿಸಬಾರದು ಕಣಮ್ಮಾ" ಅಂತ ಮಕ್ಕಳ ಪಕ್ಷ ಸೇರಿದರು. ಇವರು ಆಫೀಸ್ ಕಾಲ್‌ನಲ್ಲಿ ಮಾತಾಡ್ತಾ ಆಟಿಕೆ ದಾಟಿಕೊಂಡು ದಾಟಿಕೊಂಡು ಓಡಾಡಿದರು.

ದೀಪಾವಳಿ ಕಳೆದು ದೊಡ್ಡವಳ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್. ಮಾಂಟೆಸರಿ ಕ್ಲಾಸು. ಬೆಂಗಳೂರಲ್ಲಿ ಈಗ ಗಲ್ಲಿಗೊಂದು ಮಾಂಟೆಸರಿ ಬೋರ್ಡು ಇರುತ್ತೆ, ಆ ಮಾರಿಯಾ ಮಾಂಟೆಸರಿ 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದವರು, 1939ರಲ್ಲಿ ಮದ್ರಾಸಿಗೂ ಬಂದು, ಯುದ್ಧ ಮುಗಿಯೋ ತನಕ ನಮ್ಮ ದೇಶದಲ್ಲೇ ಉಳಿದು ಟೀಚರುಗಳಿಗೆ ಕಲಿಸಿದವರು. ಅವರ ಪದ್ಧತಿಯಲ್ಲಿ ಮಗುವಿನ ಎತ್ತರಕ್ಕೆ ಸಣ್ಣ ಶೆಲ್ಫು, ಅದರಲ್ಲಿ ಎಲ್ಲದಕ್ಕೂ ಒಂದು ಜಾಗ. ಮಗು ಚಾಪೆ ಹಾಸಿಕೊಂಡು ಕೆಲಸ ಮಾಡಿ, ವಸ್ತುವನ್ನು ವಾಪಸ್ ಅದೇ ಜಾಗಕ್ಕಿಟ್ಟು, ಚಾಪೆ ಸುತ್ತಿಟ್ಟ ಮೇಲೇ ಇನ್ನೊಂದು ತೆಗೆಯೋದು. ಮಿಸ್ ನಮ್ಮನ್ನು ಕೂರಿಸಿ ಹೇಳಿದರು, "ನಿಮ್ಮ ಮಗಳು ತುಂಬಾ ನೀಟು ಮೇಡಂ. ಬೇರೆ ಮಕ್ಕಳು ಬಿಟ್ಟಿದ್ದನ್ನೂ ತಾನೇ ಎತ್ತಿಡ್ತಾಳೆ. ಮನೇಲಿ ಚೆನ್ನಾಗಿ ಕಲಿಸಿದೀರಾ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬೇರೆ ಯಾರದೋ ಫೈಲ್ ತೆಗೆದಿದ್ದಾರೆ ಅಂತ ಇವರು ಹೆಸರು ಇನ್ನೊಂದು ಸಲ ಹೇಳಿದರು. ಅದೇ ಮಗು.

ಆಟೋದಲ್ಲಿ ಬರುವಾಗ ಕೇಳಿದೆ. "ಪುಟ್ಟಿ, ಸ್ಕೂಲಲ್ಲಿ ಎಲ್ಲ ಎತ್ತಿಡ್ತೀಯಂತೆ. ಮಿಸ್ ಯಾವ ಕಥೆ ಹೇಳ್ತಾರೆ?"

"ಕಥೆ ಏನಿಲ್ಲ. ಇಡು ಅಂತಾರೆ, ಇಡ್ತೀನಿ."

"ಮನೇಲಿ ಯಾಕೆ ಇಡಲ್ಲ ಹಾಗಾದ್ರೆ?"

ಇಷ್ಟೂ ಗೊತ್ತಾಗಲ್ವಾ ಅನ್ನೋ ಹಾಗೆ ನನ್ನ ಮುಖ ನೋಡಿದಳು. "ಅಲ್ಲಮ್ಮಾ, ಎಲ್ಲಾ ಎತ್ತಿಟ್ಬಿಟ್ರೆ ನೀನು ಕಥೆ ಹೇಳ್ತೀಯಾ?"

ಆಟೋದವರು ಕನ್ನಡಿಯಲ್ಲಿ ನನ್ನ ನೋಡಿ ನಕ್ಕರು. ಇವರು ಫೋನ್ ತೆಗೆದು ಏನೋ ಮುಖ್ಯವಾದ ಮೆಸೇಜ್ ಓದೋಕೆ ಶುರುಮಾಡಿದರು.

ರಾತ್ರಿ ಊಟ ಮುಗಿಸಿ ನೋಡಿದರೆ ಹಾಲ್‌ನಲ್ಲಿ ದಿನಾ ಸುರಿಯೋ ಬುಟ್ಟಿಯ ಜೊತೆಗೆ ಲಾಫ್ಟಿನ ಮೇಲಿದ್ದ ಹಳೇ ಬುಟ್ಟಿಯೂ ಸುರಿದಿತ್ತು. ಅದನ್ನು ಇಳಿಸಿಕೊಟ್ಟಿದ್ದು ಅಪ್ಪ ಅಂತೆ. ಶನಿವಾರ ಅಲ್ವಾ, ನಾಳೆ ಸ್ಕೂಲಿಲ್ಲ, ದೊಡ್ಡ ಕಥೆ ಬೇಕಂತೆ.